ಬೆರಳೆತ್ತಿದಾಗ ಕೇಳುವ ಬಟನ್

ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಹಾಲಿನ ಡೇರಿಯ ಮುಂದೆ ಕ್ಯಾನು ಹಿಡಿದವರ ಸಾಲು ಆಗಲೇ ಬಾಗಿಲು ದಾಟಿ ಬೀದಿಗಿಳಿದಿದೆ. ಒಳಗೆ ತೂಕದ ಯಂತ್ರದ ಪಕ್ಕ, ಬೋರಲು ಹಾಕಿದ ಕ್ಯಾನಿನ ಮೇಲೆ ಕೂತ ಹೆಂಗಸಿನ ಕಣ್ಣು ಕಂಪ್ಯೂಟರಿನ ಮೇಲಿಲ್ಲ. ಮೌಸು ಹಿಡಿದ ಮುದುಕರ ಕೈ ಮೇಲಿದೆ.

ಡೇರಿಯ ತೂಕದ ಪ್ರೋಗ್ರಾಂ ಬರೆದವರು ಈ ಹೆಂಗಸೇ. ಊರವರ ಬಾಯಲ್ಲಿ ಬಟನ್ ಅಕ್ಕ. ಚೀಟಿ ಮುದ್ರಿಸುವ ಯಂತ್ರ ನೋಡಲು ಬಂದೆ ಎಂದು ಅಜ್ಜನಿಗೆ ಹೇಳಿದ್ದಾರೆ. ನಿಜ ಬೇರೆ. ಅಜ್ಜನಿಗೆ ಈಚೆಗೆ ಕೈನಡುಕ. ಹಾಲು ತೂಗುವಾಗ ‘ಸೇವ್’ ಬಟನ್ ಒತ್ತಿದರೆ ತೂಕ ದಾಖಲಾಗದು. ಮತ್ತೆ ಒತ್ತುವಷ್ಟರಲ್ಲಿ ಸಾಲು ಗೊಣಗುತ್ತದೆ. ಇವತ್ತೂ ಹೀಗಾದರೆ ಆ ಕುರ್ಚಿಗೆ ಬೇರೆಯವರು ಎಂದು ಕಾರ್ಯದರ್ಶಿ ಹೇಳಿಯಾಗಿದೆ.

“ಬಟನ್ ಮೇಲೆ ಒತ್ತಿ, ಅಲ್ಲೇ ಬೆರಳು ಎತ್ತಿದ್ರೆ ಮಾತ್ರ ಅದು ಕ್ಲಿಕ್ಕು,” ಎಂದು ಅಕ್ಕ ತಗ್ಗಿದ ದನಿಯಲ್ಲಿ ನಮಗೆ ವಿವರಿಸುತ್ತಾರೆ. “ಅಜ್ಜ ಒತ್ತೋದು ಸರಿಯಾಗೇ. ಎತ್ತೋ ಹೊತ್ತಿಗೆ ಪರದೆ ಮೇಲಿನ ಬಾಣ ಜಾರಿ ಆಚೆ ಹೋಗಿರುತ್ತೆ. ಇವರಿಗೆ ಬೇಡ ಅನ್ನಿಸಿರಬೇಕು ಅಂತ ಕಂಪ್ಯೂಟರು ಸುಮ್ಮನಾಗುತ್ತೆ.”

ಗಂಡನ ಸೈಕಲ್ ಅಂಗಡಿಯ ಹಿಂದಿನ ಕೋಣೆಯೇ ಇವರ ಕಚೇರಿ. ಗೊಬ್ಬರದಂಗಡಿ, ಮರ ಕೊಯ್ಯುವ ಮಿಲ್ಲು, ಹಳೇ ಕಂಪ್ಯೂಟರಿದ್ದಲ್ಲೆಲ್ಲ ಇವರ ಕೆಲಸವಿದೆ. ಕೆಟ್ಟಾಗ ಮಾತ್ರ ಫೋನು ಬರುತ್ತದೆ. “ನಾನು ಪಂಕ್ಚರ್ ಹಾಕಿದ್ರೆ ಚಕ್ರ ಉಬ್ಬುತ್ತೆ, ಜನ ನೋಡ್ತಾರೆ,” ಎಂದು ಗಂಡ ಕಿಚಾಯಿಸುತ್ತಾರೆ. “ಇವಳದ್ದು ಏನು ಉಬ್ಬಿತು ಅಂತ ತೋರಿಸೋದು?”

ಹೋದ ವಾರ ಎಡವಟ್ಟಾಗಿತ್ತು. ಒತ್ತಿದ ಕೂಡಲೇ ದಾಖಲಾಗಲಿ ಎಂದು ಅಕ್ಕ ಪ್ರೋಗ್ರಾಂ ಬದಲಿಸಿದರು. ಪಾತ್ರೆಗೆ ಹಾಲು ಬೀಳುತ್ತಿರುವಾಗಲೇ ತೂಕ ಸೇವ್ ಆಯಿತು. “ನಮ್ಮ ಹಾಲಲ್ಲಿ ನೊರೆ ಮಾತ್ರ ತಗೊಂಡ್ರಾ?” ಎಂದು ಹೆಂಗಸೊಬ್ಬರು ಕೇಳಿದ್ದೇ ಸಾಲಿಗೆ ಸಾಲೇ ನಕ್ಕಿತು. ಅಜ್ಜ ಮಾತ್ರ ನಗಲಿಲ್ಲ.

ಅವತ್ತೇ ಅಕ್ಕನಿಗೆ ಹೊಳೆದದ್ದು. ಹಳೇ ತಕ್ಕಡಿಯ ಕಾಲದಲ್ಲಿ ಮುಳ್ಳು ನಿಲ್ಲುವ ತನಕ ಹಿಡಿಕೆ ಬಿಡದೆ ನಿಂತವರು ಅಜ್ಜ. ಈಗಲೂ ಅದೇ ರೂಢಿ: ಹಾಲು ಸುರಿಯುವಾಗಲೇ ಬಟನ್ ಒತ್ತಿ ಹಿಡಿಯುತ್ತಾರೆ, ಅಂಕಿ ನಿಂತ ಮೇಲೆ ಬಿಡುತ್ತಾರೆ. ಅವರ ತೀರ್ಮಾನ ಇರುವುದು ಬಿಡುವುದರಲ್ಲಿ. ಹಾಗಾಗಿ ಅಕ್ಕ ಅಜ್ಜನಿಗೆ ಹೇಳದೆ ಪ್ರೋಗ್ರಾಂ ಮತ್ತೆ ತಿದ್ದಿದ್ದಾರೆ: ಈಗ ಬಟನ್ ಮೇಲೆ ಒತ್ತಿದ್ದರೆ ಸಾಕು, ಬಾಣ ಎಲ್ಲಿಗೇ ಜಾರಿರಲಿ, ಬೆರಳೆತ್ತಿದ ಗಳಿಗೆಯ ತೂಕ ದಾಖಲಾಗುತ್ತದೆ. ಬೇಡವಾದರೆ ಅಳಿಸಲು ಬೇರೆಯೇ ಬಟನ್ ಇದೆ.

ಸಾಲು ಸರಿಯುತ್ತಿದೆ. ಚೀಟಿಗಳು ಒಂದರ ಹಿಂದೊಂದು ಹೊರಬರುತ್ತಿವೆ. ಬಾಗಿಲಲ್ಲಿ ಕೈಕಟ್ಟಿ ನಿಂತ ಕಾರ್ಯದರ್ಶಿ ಕೊನೆಯ ಕ್ಯಾನಿನವರೆಗೂ ನೋಡಿ, “ನಾಳೆ ಸ್ವಲ್ಪ ಬೇಗ ಬಾಗಿಲು ತೆಗೀರಿ ಅಜ್ಜ,” ಎಂದಷ್ಟೇ ಹೇಳಿ ಹೊರಡುತ್ತಾರೆ.

ಅಜ್ಜ ಅಂಗೈ ಮಗುಚಿ ನೋಡಿಕೊಳ್ಳುತ್ತಾರೆ. “ಡಾಕ್ಟ್ರು ಕೊಟ್ಟ ಹೊಸ ಮಾತ್ರೆ ಚೆನ್ನಾಗಿ ಹಿಡಿಸ್ತು ಕಣಮ್ಮ.”

ಅಕ್ಕ ಚೀಲ ಹೆಗಲಿಗೇರಿಸುತ್ತಾರೆ. “ಹೂಂ ಅಜ್ಜ. ಒಂದು ದಿನಾನೂ ಬಿಡಬೇಡಿ, ತಗೊಳ್ಳಿ.”