ಉಸ್ತಾದರು ಬಿಗಿದ ವಾಲ್ವು

ಒಂದು ವಾಲ್ವಿಗೆ ಸಾವಿರದ ಎಂಟುನೂರು ರೂಪಾಯಿ ಕೊಟ್ಟೆ. ಸೋಲಾಪುರದ ಅಂಗಡಿಯವನು ಹೇಳಿದ್ದು ಎರಡು ಸಾವಿರದ ಆರುನೂರು. ಮೂರು ತಗೊಳ್ಳುತ್ತೇನೆ ಎಂದೆ. ಅವನು ಚಹಾ ತರಿಸಿದ. ಕುಡಿದು, ನಮಸ್ಕಾರ ಹೇಳಿ, ಎದ್ದು ಹೊರಟೆ. ಮೂರನೆಯ ಮೆಟ್ಟಿಲಿಗೆ ಅವನೇ ಕರೆದ. ಹೆಬ್ಬೆರಳಿನಷ್ಟು ಹಿತ್ತಾಳೆ ತುಂಡಿಗೆ ಇಷ್ಟು ದುಡ್ಡೇ ಎಂದು ಮನೆಯಲ್ಲಿ ಹೆಂಡತಿ ಕೇಳಿದಳು. ಗಾಡಿಗೆ ಆಯಿಲ್ ಬದಲಿಸುವ ಹೊತ್ತು ಉಳಿಯುತ್ತದೆ ಎಂದೆ. ಅದು ಸುಳ್ಳಲ್ಲ. ಆದರೆ ಅಸಲು ಕಾರಣ ಹುಮನಾಬಾದಿನಲ್ಲಿದ್ದ ಒಂದು ಬಲಗೈ.

ಆ ಕೈ ನಮ್ಮ ಮೆಕ್ಯಾನಿಕ್ ಉಸ್ತಾದರದು. ಮಣಿಕಟ್ಟಿನಿಂದ ಮೊಳಕೈತನಕ ಒಂದು ಕೂದಲಿರಲಿಲ್ಲ. ಚರ್ಮ ತಾಮ್ರದ ತಂಬಿಗೆಯ ಹಾಗೆ ನುಣ್ಣಗೆ ಹೊಳೆಯುತ್ತಿತ್ತು. ಗಾಡಿಯ ಆಯಿಲ್ ಬದಲಿಸುವುದನ್ನು ನೀವು ಕಂಡಿದ್ದರೆ ಕಾರಣ ಗೊತ್ತಾಗುತ್ತದೆ. ಇಂಜಿನ್ನಿನ ಕೆಳಗೆ ಎಣ್ಣೆಯ ಚೇಂಬರ್ ಇರುತ್ತದೆ, ಅದರ ತಳಕ್ಕೆ ಒಂದು ಬೋಲ್ಟು. ಇಂಜಿನ್ ಬಿಸಿ ಇದ್ದಾಗಲೇ ಅದನ್ನು ಪಾನಾ, ಅಂದರೆ ಸ್ಪ್ಯಾನರ್, ಹಾಕಿ ಸಡಿಲ ಮಾಡಬೇಕು, ಕೊನೆಯ ಸುತ್ತನ್ನು ಬೆರಳಿನಿಂದ ಬಿಚ್ಚಬೇಕು. ಬೋಲ್ಟು ಕಳಚಿದ ಕ್ಷಣ ಕಾದ ಎಣ್ಣೆ ಕೈಮೇಲೆ ಇಳಿಯುತ್ತದೆ. ನಲವತ್ತು ವರ್ಷ ಹಾಗೆ ಇಳಿದಿತ್ತು. ಬೋಲ್ಟನ್ನು ಮಾತ್ರ ಅವರು ಒಮ್ಮೆಯೂ ಎಣ್ಣೆ ಡಬ್ಬಿಯೊಳಗೆ ಬೀಳಲು ಬಿಟ್ಟವರಲ್ಲ.

ನಾನು ಬಸವಕಲ್ಯಾಣದವನು. ನಮ್ಮ ಊರಿನ ಹೆದ್ದಾರಿ ಬದಿಗೆ ಮೆಕ್ಯಾನಿಕ್ಕುಗಳಿಗೆ ಬರವಿಲ್ಲ, ಕಣ್ಣು ಮುಚ್ಚಿ ಕಲ್ಲು ಎಸೆದರೆ ಒಬ್ಬ ಮೆಕ್ಯಾನಿಕ್ಕಿಗೆ ತಾಗುತ್ತದೆ. ಆದರೂ ಗಾಡಿ ಹೊಡೆದುಕೊಂಡು ಹುಮನಾಬಾದಿಗೆ ಹೋಗುತ್ತಿದ್ದೆ. ಕಲ್ಲಂಗಡಿ ಸಾಗಿಸುವ ಒಂದು ಹಳೆಯ ಲಗೇಜ್ ಆಟೋ ಇದ್ದ ಕಾಲದಿಂದ ಅದೇ ಅಂಗಡಿ. ಮೊದಲ ಸಲ ಹೋದಾಗ ಬೋಲ್ಟಿಗೆ ಹಾಕುವ ತಾಮ್ರದ ಬಿಲ್ಲೆ, ಅದೇ ವಾಯ್ಸರಿಗೂ ಚೌಕಾಸಿ ಮಾಡಿದ್ದೆ. ಹಳೆಯದನ್ನೇ ತಿರುವಿ ಹಾಕಿ ಎಂದಿದ್ದೆ. ಅವರು ನನ್ನ ಹರಕು ಚಪ್ಪಲಿ ನೋಡಿ, ನನ್ನ ಮುಖ ನೋಡಿ, ಹೊಸ ವಾಯ್ಸರನ್ನೇ ಹಾಕಿ, ಕೈ ಒರೆಸಿಕೊಂಡರು.

“ಇದರ ರೊಕ್ಕ ಬ್ಯಾಡ. ನೀ ಮುಂದ ದೊಡ್ಡ ಸೌಕಾರ ಆಗಾಂವ ಇದ್ದಿ, ಆವಾಗ ಕೊಡು.”

ಅಂದಿನಿಂದ ನಾನು ಅವರ ಬಾಯಲ್ಲಿ ಸೌಕಾರ. ಮೂರು ಪಿಕಪ್ ಗಾಡಿಗಳ ಮಾಲೀಕನಾದ ಮೇಲೂ ಆ ಹೆಸರಿನಲ್ಲಿದ್ದ ಚೇಷ್ಟೆ ಕಡಿಮೆಯಾಗಲಿಲ್ಲ.

ಹಳೆಯ ಎಣ್ಣೆ ಡಬ್ಬಿಗೆ ಇಳಿಯುವಾಗ ಅವರು ಎರಡು ಬೆರಳಿಗೆ ಹಚ್ಚಿಕೊಂಡು ತಿಕ್ಕುತ್ತಿದ್ದರು, ಮೂಸುತ್ತಿದ್ದರು, ಬಿಸಿಲಿಗೆ ಹಿಡಿಯುತ್ತಿದ್ದರು. ವೈದ್ಯರು ನಾಡಿ ನೋಡಿದ ಹಾಗೆ. ಗಾಡಿಯನ್ನು ಡ್ರೈವರ್ ಹೇಗೆ ಓಡಿಸಿದ್ದಾನೆ ಎಂದು ಅದರಿಂದಲೇ ಹೇಳಿಬಿಡುತ್ತಿದ್ದರು. ನಮ್ಮ ಡ್ರೈವರ್ ಶರಣಪ್ಪನಿಗೆ ಇದರಿಂದ ಬೈಗುಳ ತಪ್ಪಿದ್ದೇ ಇಲ್ಲ. ಅವನಿಗೆ ಅವರು ಒಂದು ಮಾತನ್ನು ಗಿಣಿಗೆ ಕಲಿಸಿದ ಹಾಗೆ ಕಲಿಸಿದ್ದರು. ಆಯಿಲ್ಲಿನ ಕೆಂಪು ದೀಪ ಹತ್ತಿದರೆ ಊರು ಎಷ್ಟು ದೂರ ಎಂದು ಲೆಕ್ಕ ಹಾಕಬಾರದು, ಗಾಡಿ ಬದಿಗೆ ತಂದು ಚಾವಿ ತಿರುವಬೇಕು.

ಮೂರು ವರ್ಷದ ಹಿಂದೆ ಆ ಬಲಗೈಗೆ ಲಕ್ವಾ ಹೊಡೆಯಿತು. ಔಷಧಿಯಿಂದ ಸುಮಾರು ಗುಣವಾಯಿತು, ಆದರೆ ಬೆರಳಿನ ಹಿಡಿತ ಪೂರ್ತಿ ಬರಲಿಲ್ಲ. ಒಂದು ದಿನ ನನ್ನ ಗಾಡಿಯ ಬೋಲ್ಟು ಅವರ ಬೆರಳಿನಿಂದ ಜಾರಿ ಟಣ್ಣನೆ ಡಬ್ಬಿಯೊಳಗೆ ಬಿತ್ತು. ಅವರೇ ಡಬ್ಬಿಯೊಳಗೆ ಕೈ ಹಾಕಿ ಹುಡುಕಿ ತೆಗೆದು, ತೊಳೆದು, ಬಿಗಿದರು. ಆಮೇಲೆ ಚಹಾ ಕುಡಿಯುತ್ತ, ಬರುವ ಎಳ್ಳಮಾವಾಸ್ಯೆ ಮುಗಿದ ಮೇಲೆ ಅಂಗಡಿಯ ಪತ್ರಾ ಕೆಳಗೆ ಎಳೆದು ಕೆಲಸ ಬಿಡುವುದೇ ಎಂದು ಹವಾಮಾನದ ಮಾತಾಡಿದ ಹಾಗೆ ಹೇಳಿದರು.

ಅದರ ಮುಂದಿನ ವಾರವೇ ಸೋಲಾಪುರಕ್ಕೆ ಹೋದದ್ದು.

ಈ ವಾಲ್ವಿನ ವಿಷಯ ಹೇಳಲೇಬೇಕು, ಇವತ್ತಿಗೂ ಹೇಳುವಾಗ ನನಗೆ ಉಮೇದಿ ಬರುತ್ತದೆ. ಬೋಲ್ಟಿನ ಜಾಗದಲ್ಲಿ ಇದನ್ನು ಒಮ್ಮೆ ಕೂರಿಸಿದರೆ ಮುಂದೆ ಪಾನಾ ಬೇಕಿಲ್ಲ. ಒಂದು ಚಿಕ್ಕ ಹಿಡಿಕೆ ಇರುತ್ತದೆ. ತುದಿಗೆ ಪೈಪು ಸಿಕ್ಕಿಸಿ ಹಿಡಿಕೆ ತಿರುವಿದರೆ ಎಣ್ಣೆ ನೇರ ಡಬ್ಬಿಗೆ. ಕೈಮೇಲೆ ಒಂದು ಹನಿ ಬೀಳುವುದಿಲ್ಲ, ಬೋಲ್ಟಿನ ಮರೆ, ಅಂದರೆ ತಿರುಪಿನ ಸುತ್ತು, ಸವೆಯುವುದಿಲ್ಲ, ನೆಲ ಹೊಲಸಾಗುವುದಿಲ್ಲ. ಹಿಡಿಕೆ ತಾನಾಗಿ ತಿರುಗದಂತೆ ಮೇಲೊಂದು ಕ್ಲಿಪ್ಪು.

ಉಸ್ತಾದರು ಅದನ್ನು ಅಂಗೈಯಲ್ಲಿ ಉರುಳಿಸಿ ನೋಡಿದರು.

“ಇಂಜಿನ್ ಹೊಟ್ಟಿಗೆ ನಳ ಹಚ್ಚಾಕತ್ತಿ ಏನ್ ಸೌಕಾರ? ನಾಳಿ ಯಾರರ ಬಂದು ಕೊಡ ಇಡ್ತಾರ.”

ತಮಗಾಗಿ ತಂದದ್ದು ಎಂದು ಅವರಿಗೆ ಗೊತ್ತಾಗಬಾರದೆಂದು ಗಾಡಿ, ಹೊತ್ತು, ಬಾಡಿಗೆ ಎಂದು ಏನೇನೋ ಹೇಳಿದೆ. ಅವರಿಗೆ ಗೊತ್ತಾಗಿತ್ತು. ಒಂದನ್ನು ಮಾತ್ರ, ಅದೂ ಶರಣಪ್ಪನ ಗಾಡಿಗೆ, ಪರೀಕ್ಷೆಗೆಂದು ಹಾಕಲು ಒಪ್ಪಿದರು. ಯಾರ ಸಹಾಯವನ್ನೂ ಹತ್ತಿರ ಬಿಡಲಿಲ್ಲ. ಉದ್ದ ಪಾನಾ ಹಿಡಿದು, ಬಲಗೈಯನ್ನು ಎಡಗೈಯಿಂದ ಅದುಮಿ, ಐದು ನಿಮಿಷದ ಕೆಲಸಕ್ಕೆ ಮುಕ್ಕಾಲು ತಾಸು ತಗೊಂಡು ಬಿಗಿದರು. ಹೊರಗೆ ಬಂದು, ಎಣ್ಣೆ ಇಳಿಸುವಾಗ ಬಿಟ್ಟರೆ ಕ್ಲಿಪ್ಪು ಯಾವತ್ತೂ ತೆಗೆಯಬೇಡ ಎಂದರು.

ಎಳ್ಳಮಾವಾಸ್ಯೆ ಬಂತು. ನಮ್ಮ ಕಡೆ ಅವತ್ತು ಊರಲ್ಲಿ ಒಲೆಗೆ ಕೆಲಸವಿಲ್ಲ, ಎಲ್ಲರೂ ಹೊಲದಲ್ಲೇ ಊಟ. ನನ್ನ ಹೆಂಡತಿಯ ತವರಿನ ಹೊಲ ಹುಲಸೂರ ಹತ್ತಿರ. ಶರಣಪ್ಪನ ಪಿಕಪ್ಪಿನ ಹಿಂದೆ ಜಮಖಾನ ಹಾಸಿ, ಸೊಪ್ಪು ಕಾಳಿನ ಭಜ್ಜಿ, ಸಜ್ಜೆ ರೊಟ್ಟಿ, ಅಂಬಲಿಯ ಗಡಿಗೆ, ಹೆಂಗಸರು ಮಕ್ಕಳು ಎಲ್ಲ ಹೇರಿಕೊಂಡು ಹೊರಟೆವು. ಉಸ್ತಾದರು ಪ್ರತಿವರ್ಷ ಬರುವವರು, ನಮ್ಮ ಅತ್ತೆಯ ಭಜ್ಜಿಯ ಮುಂದೆ ಬಿರಿಯಾನಿಯೂ ಸಪ್ಪೆ ಎನ್ನುತ್ತಿದ್ದರು. ಅವತ್ತೂ ಮುಂದಿನ ಸೀಟಿನಲ್ಲಿದ್ದರು.

ಹೊಲಕ್ಕೆ ನೈವೇದ್ಯದ ಚರಗ ಚೆಲ್ಲಿ, ಉಂಡು, ಮೂರು ಗಂಟೆಗೆ ತಿರುಗಿದೆವು. ಡಾಂಬರು ರಸ್ತೆಗೆ ಹತ್ತಿ ಸ್ವಲ್ಪ ದೂರ ಬಂದಿರಬೇಕು, ಕೆಂಪು ದೀಪ ಹತ್ತಿತು. ಶರಣಪ್ಪ ಆಚೆ ಈಚೆ ನೋಡದೆ ಬದಿಗೆ ತಂದು ಚಾವಿ ತಿರುವಿದ. ಇಳಿದು ನೋಡಿದರೆ ಹೊಲದ ದಾರಿಯಿಂದ ನಮ್ಮ ಕಾಲ ತನಕ ಕಪ್ಪು ಗೆರೆ. ಚೇಂಬರಿನ ಎಣ್ಣೆಯೆಲ್ಲ ರಸ್ತೆಯ ಪಾಲು.

ನನ್ನ ಬಾಯಿಯಿಂದ ಆಗ ಬಂದ ಮಾತನ್ನು ಬರೆಯಲು ಈಗಲೂ ನಾಚಿಕೆ. ಅತ್ತೆ, ಮಾವ, ಮೋಟಾರ್ ಸೈಕಲ್ ಮೇಲೆ ಹಿಂದೆಯೇ ಬಂದ ಭಾವಮೈದುನರು ಎಲ್ಲರ ಮುಂದೆ ಅಂದೆ.

“ನಿಮ್ಮ ಕೈಯಾಗ ಈಗ ಬಿಗಿ ಉಳದಿಲ್ರಿ ಉಸ್ತಾದ್. ನಾ ಆವಾಗೇ ಬ್ಯಾರೆಯವರ ಕಡಿಂದ ಮಾಡಸಬೇಕಿತ್ತು.”

ಯಾವ ಕೈ ಕೆಲಸ ಬಿಡಬಾರದೆಂದು ಸೋಲಾಪುರದ ಮೆಟ್ಟಿಲು ಹತ್ತಿ ಇಳಿದಿದ್ದೆನೋ ಅದೇ ಕೈಗೆ ಹೊಡೆದೆ. ಅವರು ಟೊಪ್ಪಿಗೆ ತೆಗೆದು ಸೀಟಿನ ಮೇಲಿಟ್ಟು, ಗೋಣಿತಟ್ಟು ಕೇಳಿ ಹಾಸಿಕೊಂಡು, ಗಾಡಿಯ ಕೆಳಗೆ ಹೋದರು. ಹೊರಗೆ ಅವರ ಎರಡು ಪಾದ ಮಾತ್ರ ಕಾಣುತ್ತಿದ್ದವು.

ಹೊರಗೆ ಬಂದಾಗ ಅವರ ಕೈಯಲ್ಲಿ ಒಂದು ಕರಿದಾರವಿತ್ತು. ದಾರದ ಒಂದು ತುದಿಗೆ ಎಣ್ಣೆಯಲ್ಲಿ ಅದ್ದಿದ ಲಿಂಬೆಹಣ್ಣು, ಎರಡು ಮೆಣಸಿನಕಾಯಿ. ಇನ್ನೊಂದು ಕಡೆ ಸಿಕ್ಕಿಕೊಂಡ ಗೇಣುದ್ದದ ತೊಗರಿ ಕೂಳೆ.

ಅದು ನನ್ನದೇ ಕೆಲಸ. ಅಮಾವಾಸ್ಯೆಗೆ ಎಲ್ಲರೂ ಮುಂದಿನ ಬಂಪರಿಗೆ ಲಿಂಬೆಹಣ್ಣು ಕಟ್ಟುತ್ತಾರೆ. ಸಾವಿರದ ಎಂಟುನೂರರ ಹೊಸ ಮಾಲು, ಹುಮನಾಬಾದಿನ ಮೆಕ್ಯಾನಿಕ್ಕುಗಳೆಲ್ಲ ಬಗ್ಗಿ ಬಗ್ಗಿ ನೋಡಿ ಹೋಗಿದ್ದರು. ದೃಷ್ಟಿ ತಾಗಿದರೆ ಅದಕ್ಕೇ ತಾಗುತ್ತದೆ ಎಂದು ಬೆಳಿಗ್ಗೆ ವಾಲ್ವಿನ ಹಿಡಿಕೆಗೇ ಕಟ್ಟಿದ್ದೆ. ದಾರ ಸರಿಯಾಗಿ ಕೂರಲಿಲ್ಲವೆಂದು ಕ್ಲಿಪ್ಪು ತೆಗೆದು ಕಿಸೆಗೆ ಹಾಕಿಕೊಂಡಿದ್ದೆ. ಕೊಯ್ದ ತೊಗರಿಯ ಕೂಳೆ ಗೂಟದ ಹಾಗೆ ನಿಂತಿರುತ್ತದೆ. ನೇತಾಡುವ ದಾರ ಅದಕ್ಕೆ ಸಿಕ್ಕಿತು, ಹಿಡಿಕೆ ತಿರುಗಿತು, ಎಣ್ಣೆ ಹೋಯಿತು.

ಉಸ್ತಾದರು ಲಿಂಬೆಹಣ್ಣನ್ನು ನನ್ನ ಕೈಗೆ ಕೊಟ್ಟರು.

“ನಾ ಬಿಗಿದಿದ್ದು ಹ್ಯಾಂಗಿತ್ತೋ ಹಂಗ ಅದ. ಕೂದಲೆಳಿಯಷ್ಟು ಸರದಿಲ್ಲ. ಇದು ನೀ ಕಟ್ಟಿದ್ದು.”

ಭಾವಮೈದುನರು ಹೊಟ್ಟೆ ಹಿಡಿದು ನಕ್ಕರು, ಅತ್ತೆ ಸೆರಗು ಬಾಯಿಗಿಟ್ಟುಕೊಂಡರು. ಉಸ್ತಾದರು ಮಾತ್ರ ನಗಲಿಲ್ಲ. ಹುಲಸೂರಿನಿಂದ ಹೊಸ ಆಯಿಲ್ ತರಲು ಒಬ್ಬನನ್ನು ಮೋಟಾರ್ ಸೈಕಲ್ ಮೇಲೆ ಅಟ್ಟಿ, ಅದು ಬರುವ ತನಕ ಮತ್ತೆ ಕೆಳಗೆ ಮಲಗಿ ಹಿಡಿಕೆಯನ್ನು ತೆರೆಯುತ್ತ ಮುಚ್ಚುತ್ತ ಇದ್ದರು. ಮೊದಲು ಎಡಗೈಯಿಂದ, ಆಮೇಲೆ ಬಲಗೈಯ ಎರಡೇ ಬೆರಳಿನಿಂದ. ಆ ಬೆರಳಿಗೆ ಅದು ತಿರುಗುತ್ತಿತ್ತು! ಎಣ್ಣೆ ತುಂಬಿದ ಮೇಲೆ ಇಂಜಿನ್ ಚಾಲೂ ಮಾಡಿಸಿ, ಪೇಚಕಸಿನ, ಅದೇ ಸ್ಕ್ರೂಡ್ರೈವರಿನ, ತುದಿಯನ್ನು ಇಂಜಿನ್ನಿಗೂ ಅದರ ಹಿಡಿಕೆಯನ್ನು ಕಿವಿಗೂ ಹಚ್ಚಿ ಕೇಳಿದರು. ಏನೂ ಆಗಿಲ್ಲ ಎಂದು ತಲೆ ಆಡಿಸಿದರು. ಶರಣಪ್ಪ ಒಂದು ಫರ್ಲಾಂಗು ಹೆಚ್ಚು ಓಡಿಸಿದ್ದರೂ ಇಂಜಿನ್ ಒಣಗಿ ಹಿಡಿದುಕೊಂಡು ಕೆಟ್ಟುಹೋಗುತ್ತಿತ್ತು. ಅದನ್ನೂ ಉಳಿಸಿದ್ದು ಅವರ ಮಾತೇ.

ಮರುದಿನ ಬೆಳಿಗ್ಗೆ ಹುಮನಾಬಾದಿಗೆ ಹೋದೆ. ಅಂಗಡಿ ಮುಂದೆ ಚಹಾ ಕುಡಿಯುವವರೆಲ್ಲ ಇದ್ದರು. ಅವರ ಎದುರೇ ತಪ್ಪು ನನ್ನದು ಎಂದೆ, ಉಳಿದ ಎರಡು ವಾಲ್ವುಗಳನ್ನು ಉಸ್ತಾದರ ಮುಂದಿಟ್ಟು ಇವನ್ನೂ ನೀವೇ ಬಿಗಿಯಬೇಕು ಎಂದೆ. ಅವರು ಬಸಿಯಲ್ಲಿದ್ದ ಚಹಾ ಮುಗಿಸಿ, ಒಂದು ವಾಲ್ವನ್ನು ಕೈಗೆ ತಗೊಂಡರು.

“ಚೌಕಾಸಿ ಇಲ್ಲೇನು?”

“ಇಲ್ರಿ.”

“ಹಂಗಾದ್ರ ಹೋಗು. ಎರಡು ಹೊಸ ವಾಯ್ಸರ್ ತಗೊಂಡು ಬಾ.”

ಪತ್ರಾ ಕೆಳಗೆ ಬರಲಿಲ್ಲ. ಆಮೇಲೆ ನೋಡಬೇಕಿತ್ತು ಅವರ ಹುರುಪು! ಪೂರ್ತಿ ಎಣ್ಣೆ ಖಾಲಿ ಮಾಡದೆ ಒಂದು ಚಮಚ ತೆಗೆದು ನೋಡಬಹುದು ಎಂಬುದು ನನಗೆ ಹೊಳೆದಿರಲಿಲ್ಲ, ಅವರಿಗೆ ಹೊಳೆಯಿತು. ಮನೆಯಿಂದ ಒಂದು ಸ್ಟೀಲ್ ಚಮಚ ತಂದಿಟ್ಟರು. ವಾರಕ್ಕೊಮ್ಮೆ ಹಿಡಿಕೆ ತುಸು ತಿರುವಿ, ಒಂದು ಚಮಚ ಹಿಡಿದು, ಬೆರಳಿಗೆ ಹಚ್ಚಿ, ಬಿಸಿಲಿಗೆ ಹಿಡಿದು ನೋಡುವುದು. ಹಾಗೆ ಒಂದು ದಿನ ನನ್ನ ಎರಡನೆಯ ಗಾಡಿಯ ಎಣ್ಣೆ ಹಾಲು ಹಾಕಿದ ಚಹಾದ ಬಣ್ಣಕ್ಕೆ ತಿರುಗಿದ್ದು ಸಿಕ್ಕಿತು. ಒಳಗೆ ನೀರು ಸೇರುತ್ತಿತ್ತು. ಗ್ಯಾಸ್ಕೆಟ್ ಬದಲಿಸುವುದರಲ್ಲೇ ಕೆಲಸ ಮುಗಿಯಿತು, ಇಂಜಿನ್ ಉಳಿಯಿತು. ಸುದ್ದಿ ಹಬ್ಬಿ ಮನ್ನಾಏಖೇಳ್ಳಿಯಿಂದಲೂ ಗಾಡಿಗಳು ಬಂದವು. ಇಂಜಿನ್ ಹೊಟ್ಟಿಗೆ ನಳ ಎಂದವರೇ ಬಂದವರಿಗೆಲ್ಲ ನಳ ಹಾಕಿಸಿಕೊಳ್ಳಿರಿ ಎನ್ನುತ್ತಿದ್ದರು.

ಹೋದ ವರ್ಷ ಮಳೆಗಾಲಕ್ಕೆ ಮುಂಚೆ ಅವರು ತೀರಿಕೊಂಡರು. ಹಿಂದಿನ ದಿನವೂ ಅಂಗಡಿ ತೆರೆದಿತ್ತು. ಆ ಚಮಚ ಈಗ ಶರಣಪ್ಪನ ಗಾಡಿಯಲ್ಲಿದೆ.

ನೀವೂ ವಾಲ್ವು ಹಾಕಿಸುವುದಾದರೆ ಕೇಳಿ. ಹಳೆಯ ಬೋಲ್ಟನ್ನು ಕೈಯಲ್ಲಿ ಹಿಡಿದುಕೊಂಡೇ ಅಂಗಡಿಗೆ ಹೋಗಿ, ಮರೆ ಹೊಂದುವುದೇ ನೋಡಿ. ಮೊದಲ ಬೆಲೆಗೆ ಒಪ್ಪಬೇಡಿ, ಆದರೆ ಕ್ಲಿಪ್ಪು ಇಲ್ಲದ ಅಗ್ಗದ ಮಾಲು ಪುಕ್ಕಟೆ ಕೊಟ್ಟರೂ ಬೇಡ. ಗಾಡಿಯ ಹೊಟ್ಟೆ ನೆಲಕ್ಕೆ ಹತ್ತಿರವಿದ್ದರೆ ಹಾಕಿಸಲೇಬೇಡಿ. ವಾಯ್ಸರ್ ಹೊಸದೇ ಇರಲಿ. ಲಿಂಬೆಹಣ್ಣನ್ನು ಬಂಪರಿಗೇ ಕಟ್ಟಿ. ಇಷ್ಟಾಗಿಯೂ ಎಣ್ಣೆ ಸೋರಿತೆನ್ನಿ, ಬಿಗಿದವರನ್ನು ಒಂದು ಮಾತು ಅನ್ನುವ ಮುಂಚೆ ಗೋಣಿತಟ್ಟು ಹಾಸಿ ಗಾಡಿಯ ಕೆಳಗೆ ನೀವೇ ಒಮ್ಮೆ ಮಲಗಿ ನೋಡಿ.