ಹರಕೆಯಿಲ್ಲದ ಪ್ರಯಾಣ

ನಮ್ಮ ಅತ್ತೆಯ ನೆತ್ತಿಯ ಮೇಲೆ ಅಂಗೈಯಗಲ ಜಾಗದಲ್ಲಿ ಕೂದಲಿರಲಿಲ್ಲ. ಬಿಂದಿಗೆ ಹೊತ್ತು ಹೊತ್ತು, ಸಿಂಬೆ ಒತ್ತಿ ಒತ್ತಿ, ಅಲ್ಲಿನ ಚರ್ಮ ಹಳೇ ತಾಮ್ರದ ಹಾಗೆ ನುಣ್ಣಗಾಗಿ ಹೊಳೆಯುತ್ತಿತ್ತು. ಬೇರೆ ಹೆಂಗಸರಾದರೆ ಸೆರಗು ಎಳೆದು ಮುಚ್ಚಿಕೊಳ್ಳುತ್ತಿದ್ದರು. ಅತ್ತೆ ಮುಚ್ಚುತ್ತಿರಲಿಲ್ಲ. ತಲೆಗೆ ಎಣ್ಣೆ ಹಚ್ಚುವಾಗ ಮೊದಲು ಅಲ್ಲಿಗೇ ಒಂದಿಷ್ಟು ತಟ್ಟಿಸಿಕೊಂಡು, “ದುಡಿದಿರೋ ಜಾಗ ಇದು, ಇದಕ್ಕೆ ಮೊದಲು ಹಾಕು” ಅನ್ನುತ್ತಿದ್ದರು.

ನಾನು ಗೌರಿಬಿದನೂರಿನವಳು. ಅಪ್ಪನಿಗೆ ಸ್ಟೇಷನ್ನಿನ ಹತ್ತಿರ ಬಟ್ಟೆ ಅಂಗಡಿ ಇತ್ತು. ಐವತ್ತರ ದಶಕದ ಕೊನೆಯಲ್ಲಿ ಅಂಬಾಜಿದುರ್ಗದ ಬುಡದ ಒಂದು ಹಳ್ಳಿಗೆ ಸೊಸೆಯಾಗಿ ಬಂದೆ. ಮಾವ ಆಗಲೇ ತೀರಿಕೊಂಡಿದ್ದರು. ದೊಡ್ಡ ಮಗ, ಅಂದರೆ ನಮ್ಮ ಭಾವ, ಮನೆಯ ಯಜಮಾನರು. ಅವರ ಹೆಂಡತಿಯನ್ನು ನಾನು ಅಕ್ಕ ಅನ್ನುತ್ತಿದ್ದೆ. ಗಂಡ ಕೆಮ್ಮಿದರೆ ಒಳಮನೆಯಲ್ಲಿ ಎದ್ದು ನಿಲ್ಲುವ ಹೆಂಗಸು ಅವರು. ಅವರಿಗೆ ಮೂವರು ಮಕ್ಕಳು. ನನ್ನ ಗಂಡ ಚಿಂತಾಮಣಿಯ ಶಾಲೆಯಲ್ಲಿ ಮೇಷ್ಟರು. ಅಣ್ಣ ಹೇಳಿದ್ದಕ್ಕೂ ಹೂಂ, ಅಮ್ಮ ಹೇಳಿದ್ದಕ್ಕೂ ಹೂಂ, ಇಬ್ಬರೂ ಒಟ್ಟಿಗೆ ಹೇಳಿದರೆ ಶಾಲೆಗೆ ಹೊತ್ತಾಯಿತು ಅಂತ ಹೊರಟುಬಿಡುವ ಆಸಾಮಿ.

ಆ ಸೀಮೆಯಲ್ಲಿ ನೀರೇ ಇಲ್ಲ. ನನ್ನ ತವರಿನ ಪಿನಾಕಿನಿ ಮರಳಿನ ನದಿ. ಇಲ್ಲಿ ಅದೂ ಇಲ್ಲ. ಊರಾಚೆಯ ಸೇದುವ ಬಾವಿಗೆ ಹಗ್ಗ ಬಿಟ್ಟರೆ ಬಿಟ್ಟಷ್ಟೂ ಒಳಗೆ ಹೋಗುತ್ತಿತ್ತು. ಸೊಸೆಯರು ಇಬ್ಬರು ಬಂದ ಮೇಲೂ ಅತ್ತೆ ಬಿಂದಿಗೆ ಬಿಟ್ಟುಕೊಡಲಿಲ್ಲ. ಮೊದಲ ನೀರು ಅವರೇ ತರಬೇಕು. ಜಗಳಕ್ಕೂ ಅವರೇ ಮೊದಲು. ಕನ್ನಡದಲ್ಲಿ ಶುರು ಮಾಡಿ ತೆಲುಗಿನಲ್ಲಿ ಮುಗಿಸುತ್ತಿದ್ದರು. ಅವರು “ಚಾಲು” ಅಂದರೆ ಮುಗಿಯಿತು, ಸಾಕು ಅಂತ ಅರ್ಥ. ಆಮೇಲೆ ಮಾತಾಡಿದವರನ್ನು ನಾನು ನೋಡಿಲ್ಲ.

ಅತ್ತೆಗೆ ತವರಿನಿಂದ ಬಂದ ಒಂದು ಹುಣಸೆ ತೋಪಿತ್ತು. ವರ್ಷವರ್ಷವೂ ಮಂಗಳೂರು ಬಂದರಿನ ಸಾಹೇಬರೊಬ್ಬರು ಬಂದು ಅದರ ಹಣ್ಣು ಕೊಳ್ಳುತ್ತಿದ್ದರು. ಜಗಲಿಯಲ್ಲಿ ಕೂತು ಮಜ್ಜಿಗೆ ಕುಡಿಯುತ್ತಾ ಅವರು ಕಡಲಿನ ಸುದ್ದಿ ಹೇಳಿದರೆ ಅತ್ತೆ ಬಾಗಿಲಿಗೊರಗಿ ಕೇಳುತ್ತಿದ್ದರು. ಅಲ್ಲಿ ಹಂಚು ಸಾಗಿಸುವ ಹಾಯಿಹಡಗುಗಳಿವೆಯಂತೆ, ಮಂಜಿ ಅನ್ನುತ್ತಾರಂತೆ, ಎತ್ತಿಲ್ಲ, ಇಂಜಿನಿಲ್ಲ, ಬರೀ ಗಾಳಿಗೆ ಹೋಗುತ್ತವಂತೆ. ಒಂದು ವರ್ಷ ಅತ್ತೆ ನೇರವಾಗಿ ಕೇಳಿಯೇಬಿಟ್ಟರು: “ಅದನ್ನ ಬಾಡಿಗೆಗೆ ಕೊಡ್ತಾರಾ ಸಾಹೇಬ್ರೇ? ಮನೆಯವರೆಲ್ಲ ಕೂತ್ಕೊಂಡು ಸುತ್ತಾಡಿ ಬರಕ್ಕೆ?”

ಸಾಹೇಬರು ಮಜ್ಜಿಗೆ ಲೋಟ ಕೆಳಗಿಟ್ಟರು. “ಅದರಲ್ಲಿ ಹಂಚು ಹೋಗುದಮ್ಮ, ಹೆಂಗಸರು ಮಕ್ಕಳು ಹೋಗುದಿಲ್ಲ.”

“ಹಂಚು ಒಡೆಯದೆ ಹೋಗ್ತದಲ್ಲ, ನಾವು ಹೋಗಕ್ಕೇನು?”

ಸಾಹೇಬರು ನಗುತ್ತಾ ಒಪ್ಪಿದರು. ಭಾವ ಒಪ್ಪಲಿಲ್ಲ. ಅವರು ಕೇಳಿದ್ದು ಒಂದೇ ಪ್ರಶ್ನೆ: “ಯಾವ ಹರಕೆ ಅಮ್ಮಾ ಇದು?”

ಈ ಪ್ರಶ್ನೆ ಈಗಿನವರಿಗೆ ಅರ್ಥವಾಗಲಿಕ್ಕಿಲ್ಲ. ನಮ್ಮ ಕಡೆ ಆಗ ಮನೆಮಂದಿಯೆಲ್ಲ ಬೀಗ ಹಾಕಿಕೊಂಡು ಹೊರಟರೆ ಅದು ಹರಕೆಗೆ. ಮಗು ಬದುಕಿತು, ದನ ಈಯಿತು, ವ್ಯಾಜ್ಯ ಗೆದ್ದಿತು, ಏನೋ ಒಂದಕ್ಕೆ ಹೇಳಿಕೊಂಡಿದ್ದು ತೀರಿಸಲಿಕ್ಕೆ. ಸುಮ್ಮನೆ ನೋಡಿ ಬರೋಣ ಅಂತ ಹೆಂಗಸು ಬಾಯಿಬಿಟ್ಟರೆ ತಲೆ ಸರಿಯಿದೆಯೇ ಅನ್ನುತ್ತಿದ್ದರು. ಅದೂ ಗಂಡ ಸತ್ತವಳು.

ಅತ್ತೆ ಹೇಳಿದರು: “ಹರಕೆ ಯಾವುದೂ ಇಲ್ಲ. ನನಗೆ ಆಸೆ.”

ಭಾವ ಕೆಟ್ಟವರಲ್ಲ. ತಾಯಿಯನ್ನು ನಾಲ್ಕು ಜನ ಆಡಿಕೊಳ್ಳಬಾರದು ಅನ್ನುವುದೇ ಅವರ ಚಿಂತೆ. “ದಾರಿ ಉದ್ದಕ್ಕೂ ಎಷ್ಟೊಂದು ಕ್ಷೇತ್ರ ಇದೆ. ಒಂದಕ್ಕೆ ಹೇಳ್ಕೊಂಡಿದೀನಿ ಅನ್ನು, ನಾಳೇನೇ ಕರ್ಕೊಂಡು ಹೋಗ್ತೀನಿ” ಅಂದರು. ನಾನೂ ಒಳಗೆ ಅತ್ತೆಯ ಕಿವಿಯಲ್ಲಿ, ಕನಸಿನಲ್ಲಿ ದೇವರು ಬಂದಿತ್ತು ಅಂದುಬಿಡಿ, ಹೋಗಿಬಿಡೋಣ ಅಂದೆ. ನನಗೂ ಕಡಲು ನೋಡುವ ಚಪಲ.

ಅತ್ತೆ ನನ್ನನ್ನು ಹೊಸದಾಗಿ ನೋಡುವವರ ಹಾಗೆ ನೋಡಿದರು. ಅವರು ದೇವರನ್ನು ನಂಬದವರಲ್ಲ. ಶನಿವಾರ ಒಪ್ಪತ್ತು, ಸಂಜೆಯ ದೀಪ, ಯಾವುದೂ ತಪ್ಪಿದ್ದಿಲ್ಲ. “ದೇವ್ರನ್ನ ಯಾಕೆ ನಡುವೆ ಎಳೀತೀಯ? ದೇವ್ರಿಗೆ ಅಂತ ಹೋಗಿದೀನಿ, ಗಂಡನಿಗೆ ಅಂತ ಹೋಗಿದೀನಿ, ಮಕ್ಕಳಿಗೆ ಅಂತ ಹೋಗಿದೀನಿ. ನನಗೇ ಅಂತ ಯಾವತ್ತು ಹೋಗೋದು? ಹುಟ್ಟಿದಾಗಿಂದ ನೀರು ಹೊತ್ತಿದೀನಿ ಕಣಮ್ಮಾ. ಒಂದ್ ಸಲ ನೀರು ನನ್ನ ಹೊರಲಿ. ಅದನ್ನ ಸುಳ್ಳು ಹೇಳಿ ಪಡೀಬೇಕಾ?”

ಮಾರನೆಯ ದಿನ ಬೆಳಿಗ್ಗೆ ಬಿಂದಿಗೆಗಳೆಲ್ಲ ಜಗಲಿಯ ಮೇಲೆ ಬೋರಲು ಬಿದ್ದಿದ್ದವು. ಪಕ್ಕದಲ್ಲಿ ಅತ್ತೆ ಕಾಲು ಚಾಚಿ ಕೂತಿದ್ದರು. ಅಕ್ಕ ಗಾಬರಿಯಾಗಿ ಒಂದು ಬಿಂದಿಗೆಗೆ ಕೈ ಹಾಕಿದರು. “ಮುಟ್ಟಬೇಡ. ನೀರು ಬೇಕಾದವರು ಸೇದ್ಕೊಂಡು ಬರ್ಲಿ” ಅಂದರು ಅತ್ತೆ. ದನಗಳು ಕೂಗಿದವು, ಮಕ್ಕಳು ಮುಖ ತೊಳೆಯದೆ ಓಡಾಡಿದವು, ನನ್ನ ಗಂಡನಿಗೆ ಎಂದಿನಂತೆ ಶಾಲೆಗೆ ಹೊತ್ತಾಯಿತು. ಮಧ್ಯಾಹ್ನದ ಹೊತ್ತಿಗೆ ಭಾವ ತಡೆಯಲಾರದೆ ತಾವೇ ಎರಡು ಬಿಂದಿಗೆ ಹಿಡಿದು ಬಾವಿಗೆ ಹೋದರು. ಊರ ಹೆಂಗಸರೆಲ್ಲ ಹಗ್ಗ ಬಿಟ್ಟು ನಿಂತು ನೋಡಿದರಂತೆ. ಅರ್ಧಕ್ಕರ್ಧ ಚೆಲ್ಲಿಕೊಂಡು, ಅಂಗೈ ಕೆಂಪು ಮಾಡಿಕೊಂಡು ಬಂದವರು ಬಿಂದಿಗೆ ಇಳಿಸಿ, “ಹೋಗಣ ನಡಿ” ಅಂದರು. ಅಷ್ಟೇ. ನಾನೂ ಅಕ್ಕನೂ ನಗು ತಡೆಯಲಿಕ್ಕಾಗದೆ ಹಿತ್ತಲಿಗೆ ಓಡಿದೆವು.

ಹುಣಸೆ ಬಡಿದು ಮುಗಿದ ಮೇಲೆ, ಯುಗಾದಿಗೆ ಮೊದಲು ಮನೆಮಂದಿಯೆಲ್ಲ ಹೊರಟೆವು. ರಾಗಿ ಹಿಟ್ಟು, ಹುರುಳಿ, ಒಲೆಗೆ ಕಲ್ಲು ಕೂಡ ಕಟ್ಟಿಕೊಂಡಿದ್ದೆವು, ಮಂಗಳೂರಿನಲ್ಲಿ ಕಲ್ಲು ಸಿಗುತ್ತದೋ ಇಲ್ಲವೋ ಅಂತ. ಬಂದರಿನಲ್ಲಿ ಸಾಹೇಬರು ಮಂಜಿ ಗೊತ್ತು ಮಾಡಿಟ್ಟಿದ್ದರು. ಹಂಚಿನ ಕೆಂಪು ಪುಡಿ ಇನ್ನೂ ಹಲಗೆಗೆ ಮೆತ್ತಿಕೊಂಡಿತ್ತು. ಅದನ್ನು ನಡೆಸುವವರು ಒಬ್ಬ ತಂಡೇಲ, ಒಣಕಲು ಮುದುಕ. ಮಲ್ಪೆಯ ಎದುರಿನ ದ್ವೀಪದವರೆಗೆ ಹೋಗಿ, ದಡದ ಹತ್ತಿರ ತಂಗುತ್ತಾ ಮೂರು ದಿನದಲ್ಲಿ ವಾಪಸು ಬರುವುದು ಅಂತ ಮಾತಾಗಿತ್ತು.

ಬೆಳಿಗ್ಗೆ ನದಿ ಕಡಲು ಸೇರುವ ಅಳಿವೆ ದಾಟುತ್ತಿದ್ದಂತೆ ಅಲೆ ಎತ್ತಿ ಹಾಕಿತು. ಮೊದಲು ವಾಂತಿ ಮಾಡಿದವರು ಅತ್ತೆಯೇ. ಆಮೇಲೆ ಸಾಲಾಗಿ ನಾವೆಲ್ಲ. ಭಾವ ಹಾಯಿಯ ಕಂಬ ತಬ್ಬಿಕೊಂಡು, “ಸಾಕು, ತಿರುಗಿಸಪ್ಪಾ, ವಾಪಸ್ ನಡಿ” ಅಂದರು. ಅತ್ತೆ ಸೆರಗಿನಲ್ಲಿ ಬಾಯಿ ಒರೆಸಿಕೊಂಡು, “ಮುಂದಕ್ಕೆ ಬಿಡು” ಅಂದರು.

ತಂಡೇಲ ಇಬ್ಬರ ಮುಖವನ್ನೂ ನೋಡಿದರು. “ವಾಪಸು ಹೋಗುದಾ, ಮುಂದೆ ಹೋಗುದಾ? ಒಬ್ಬರು ಹೇಳಿ.”

“ಬಾಡಿಗೆಗೆ ತಗೊಂಡೋಳು ನಾನು. ಬೇಕಾದ್ರೆ ಇನ್ನೊಂದು ಸಲ ವಾಂತಿ ಮಾಡ್ಕೋತೀನಿ. ಮುಂದಕ್ಕೆ ಬಿಡು.”

ಭಾವ ಬಾಯಿ ತೆರೆದರು. “ಚಾಲು” ಅಂದರು ಅತ್ತೆ. ಮಂಜಿ ಮುಂದಕ್ಕೆ ಹೋಯಿತು.

ಹೊತ್ತೇರಿದ ಮೇಲೆ ಹೊಟ್ಟೆ ತಹಬಂದಿಗೆ ಬಂತು. ನಾನೂ ಅಕ್ಕನೂ ಕಲ್ಲು ಹೂಡಿ ಅಡುಗೆಗೆ ಕೂತೆವು. ಮಂಜಿಯಲ್ಲಿ ಸಿಹಿನೀರು ಇದ್ದದ್ದು ಒಂದೇ ಪೀಪಾಯಿ. ಸುತ್ತಲೂ ನೋಡಿದರೆ ಕಣ್ಣು ಮುಟ್ಟುವಷ್ಟು ದೂರವೂ ನೀರು. ಹನಿಹನಿ ಎಣಿಸಿ ಬದುಕಿದವರ ಬುದ್ಧಿ ನಮ್ಮದು. ಹೇಗೂ ಸಾರಿಗೆ ಉಪ್ಪು ಹಾಕಬೇಕು, ಈ ನೀರಿಗೆ ದೇವರೇ ಹಾಕಿದ್ದಾನೆ, ನೀರೂ ಉಳಿಯಿತು ಉಪ್ಪೂ ಉಳಿಯಿತು ಅಂತ ಹಗ್ಗಕ್ಕೆ ಬಿಂದಿಗೆ ಕಟ್ಟಿ ಕಡಲಿನ ನೀರೆತ್ತಿ ಹುರುಳಿ ಬೇಯಿಸಿದೆವು. ನಮ್ಮ ಜಾಣತನಕ್ಕೆ ನಾವೇ ಬೀಗಿದೆವು. ಮುದ್ದೆ ಮುರಿದು ಸಾರಿಗೆ ಅದ್ದಿ ಬಾಯಿಗಿಟ್ಟವರೆಲ್ಲ ಒಬ್ಬರ ಮುಖ ಒಬ್ಬರು ನೋಡಿದರು. ಉಪ್ಪಲ್ಲ, ವಿಷದ ಕಹಿ. ತಂಡೇಲರು ನಗು ತಡೆಯದೆ ಹೊಟ್ಟೆ ಹಿಡಿದುಕೊಂಡು ಹಲಗೆಯ ಮೇಲೆ ಕೂತರು. ಅಕ್ಕ ಗಂಡನ ಬೈಗುಳಕ್ಕೆ ಹೆದರಿ ತಲೆ ತಗ್ಗಿಸಿದರೆ, ಅತ್ತೆ ಬಾಯಲ್ಲಿದ್ದದ್ದನ್ನು ಕಡಲಿಗೆ ಉಗಿದು, “ತಗೋಳಮ್ಮಾ, ನಿಂದು ನೀನೇ ಇಟ್ಕೋ” ಅಂದು ನಗತೊಡಗಿದರು. ಅವರು ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕಿದ್ದನ್ನು ನಾನು ಮೊದಲು ನೋಡಿರಲಿಲ್ಲ. ಭಾವನೂ ನಕ್ಕರು. ತಂಡೇಲರ ಅನ್ನ, ನಮ್ಮ ಉಪ್ಪಿನಕಾಯಿಯಲ್ಲಿ ಊಟವಾಯಿತು.

ಸಂಜೆಯ ಗಾಳಿಗೆ ಹಾಯಿ ತುಂಬಿಕೊಂಡಾಗ ಅತ್ತೆ ಮುಂದಿನ ತುದಿಗೆ ಹೋಗಿ ಕೂತರು. ಕಿರಿಯ ಮೊಮ್ಮಕ್ಕಳಿಬ್ಬರು ತೊಡೆಯ ಮೇಲೆ. ಅಕ್ಕನನ್ನು ಕೈಹಿಡಿದು ಎಳೆದು ಪಕ್ಕದಲ್ಲಿ ಕೂರಿಸಿಕೊಂಡರು. ಅಕ್ಕ ಮೊದಲು ಹಿಂದೆ ಕೂತ ಗಂಡನನ್ನು ನೋಡಿದರು. ಆಮೇಲೆ ನೋಡಲಿಲ್ಲ. ಕಾಲು ಇಳಿಬಿಟ್ಟು, ಸೀರೆ ಮೊಣಕಾಲಿನವರೆಗೆ ಒದ್ದೆಯಾದರೂ ಹಾಗೇ ಕೂತಿದ್ದರು. ನನಗಂತೂ ಯಾಕೋ ಅಳು ಬಂತು, ಅತ್ತೇ ಅಂತ ಅವರ ಬೆನ್ನಿಗೆ ಹಣೆಯಿಟ್ಟು ಕೂತೆ. ಆ ಮೂರು ದಿನ ನಾನು ಕಂಡಷ್ಟು ಸುಖ ಆಮೇಲೆ ಯಾವ ಊರಿನಲ್ಲೂ ಕಂಡಿಲ್ಲ.

ವಾಪಸು ಬಂದು ಊರ ಮುಂದೆ ಗಾಡಿಯಿಂದ ಇಳಿದರೆ, ಅಲ್ಲಿ ಜನ. ಕಾಲು ತೊಳೆಯಲು ಚೊಂಬಿನಲ್ಲಿ ನೀರು, ಆರತಿ ತಟ್ಟೆ. ಯಾತ್ರೆ ಮುಗಿಸಿ ಬಂದವರನ್ನು ಹಾಗೆ ಎದುರುಗೊಂಡು, ಕಾಲು ತೊಳೆದು, ಪ್ರಸಾದ ಈಸಿಕೊಳ್ಳುವುದು ನಮ್ಮಲ್ಲಿನ ಪದ್ಧತಿ. ಭಾವ ಹೊರಡುವ ಮೊದಲೇ ಊರಿಗೆಲ್ಲ ಹರಕೆ ತೀರಿಸಲು ಹೋಗುತ್ತಿದ್ದೇವೆ ಅಂತ ಹೇಳಿಬಿಟ್ಟಿದ್ದರು. ಈಗ ಚೀಲದಿಂದ ಕಲ್ಲುಸಕ್ಕರೆಯ ಪೊಟ್ಟಣ ತೆಗೆದರು. ಮಂಗಳೂರಿನ ಬಜಾರಿನಲ್ಲಿ ಮಕ್ಕಳಿಗೆ ಅಂತ ಕೊಂಡದ್ದು ಅದು. ನಾನೇ ಕಂಡಿದ್ದೆ.

ಒಬ್ಬ ಮುತ್ತೈದೆ ಅತ್ತೆಯ ಪಾದಕ್ಕೆ ಬಗ್ಗಿದಳು. ಅತ್ತೆ ಕಾಲು ಹಿಂದಕ್ಕೆ ತೆಗೆದರು.

“ತೊಳೀಬೇಡ ಕಣಮ್ಮಾ. ದೇವ್ರ ಹತ್ರ ಹೋಗಿರ್ಲಿಲ್ಲ ನಾವು. ದೋಣಿ ಹತ್ತಿ ಸುತ್ತಾಡಿ ಬಂದ್ವಿ. ನನಗೆ ಆಸೆ ಇತ್ತು, ಹೋಗಿದ್ದೆ. ಅದು ಸಕ್ಕರೆ, ಪ್ರಸಾದ ಅಲ್ಲ. ಬಾಯಿ ಸಿಹಿ ಮಾಡ್ಕೊಳ್ಳೋರು ತಗೊಳ್ಳಿ.”

ಯಾರೂ ಕೈಚಾಚಲಿಲ್ಲ. ಚೊಂಬಿನ ನೀರನ್ನು ರಸ್ತೆಯ ಪಕ್ಕ ಚೆಲ್ಲಿ ಒಬ್ಬೊಬ್ಬರೇ ಹೋದರು. ಭಾವ ಪೊಟ್ಟಣ ಹಿಡಿದುಕೊಂಡು ನಿಂತೇ ಇದ್ದರು. ಆ ರಾತ್ರಿ ಮನೆಯಲ್ಲಿ ಒಲೆ ಹೊತ್ತಲಿಲ್ಲ.

ಆಮೇಲಿನದು ಹೇಳಬೇಕಾಗಿಲ್ಲ. ಎಮ್ಮೆ ಸತ್ತರೆ ಅದಕ್ಕೇ, ಹಿರೀ ಮೊಮ್ಮಗನಿಗೆ ವಿಷಮಶೀತ ಜ್ವರ ಬಂದರೆ ಅದಕ್ಕೇ. ತಪ್ಪುಕಾಣಿಕೆ ಕಟ್ಟು ಅಂತ ಊರಿನ ಹಿರಿಯರು ಬಂದು ಹೇಳಿದರು. ಅರಿಶಿನದ ಬಟ್ಟೆಯಲ್ಲಿ ಕಾಸಿಟ್ಟು ಗಂಟು ಹಾಕಿ, ತಪ್ಪಾಯಿತು ಅಂತ ದೇವರ ಮುಂದೆ ಕಟ್ಟುವುದು, ಎಷ್ಟು ಸುಲಭ. ಅತ್ತೆ ಹಗಲೂ ರಾತ್ರಿ ಮೊಮ್ಮಗನ ಹಣೆಗೆ ಒದ್ದೆ ಬಟ್ಟೆ ಹಾಕಿದರು, ಚಿಂತಾಮಣಿಯ ಡಾಕ್ಟರ ಕಾಲು ಹಿಡಿದರು, ದೇವರಿಗೂ ಬೇಡಿಕೊಂಡರು. ತಪ್ಪಾಯಿತು ಅಂತ ಮಾತ್ರ ಅನ್ನಲಿಲ್ಲ. ಹುಡುಗ ಎದ್ದು ಓಡಾಡಿದ ಮೇಲೂ ಊರು ಅವರನ್ನು ಬಿಡಲಿಲ್ಲ, ಅವರೂ ಊರಿಗೆ ಸೋಲಲಿಲ್ಲ. ಬಾವಿಯ ಹತ್ತಿರ ಯಾರಾದರೂ ಕೊಂಕು ನುಡಿದರೆ, “ನೀನೂ ಹೋಗಿ ಬಾರೇ, ವಾಂತಿ ಆಗ್ತದೆ, ಆಮೇಲೆ ಚೆನ್ನಾಗಿರ್ತದೆ” ಅನ್ನುತ್ತಿದ್ದರು.

ಕೆಲವು ವರ್ಷಗಳ ಮೇಲೆ ಲಕ್ವ ಹೊಡೆದು ಅತ್ತೆಯ ಎಡಗೈ, ಎಡಗಾಲು ಬಿದ್ದುಹೋದವು. ಮಾತು ತೊದಲಿದರೂ ಉಳಿದಿತ್ತು. ಒಂದು ಬೆಳಿಗ್ಗೆ ಭಾವ ಅರಿಶಿನದ ಬಟ್ಟೆ ಹಿಡಿದು ಬಂದು ಹಾಸಿಗೆಯ ಪಕ್ಕ ಕೂತರು.

“ನೀನು ಬರೀ ಮುಟ್ಟಮ್ಮಾ. ನಾನು ಕಟ್ತೀನಿ.”

“ಯಾವ ತಪ್ಪಿಗಪ್ಪಾ?”

“ನನಗೋಸ್ಕರ ಮುಟ್ಟು. ನನಗೆ ಭಯ ಆಗ್ತದೆ.” ಭಾವ ಚಿಕ್ಕ ಮಗುವಿನ ಹಾಗೆ ಅಳುತ್ತಿದ್ದರು.

ಅತ್ತೆ ಬಲಗೈ ಎತ್ತಿದರು. ಮುಟ್ಟಿಯೇಬಿಡುತ್ತಾರೆ ಅಂದುಕೊಂಡೆ. ಅವರು ಮಗನ ಕಣ್ಣು ಒರೆಸಿದರು. “ನಿನಗೋಸ್ಕರ ಬೇಕಾದಷ್ಟು ಮಾಡಿದೀನಿ ಕಣಪ್ಪಾ. ಇದೊಂದು ಬಿಟ್ಬಿಡು.”

ಆ ವೈಶಾಖದಲ್ಲಿ ಅವರು ಹೋದರು. ನನಗೆ ಹೆತ್ತ ತಾಯಿ ಇದ್ದರು, ಒಳ್ಳೆಯ ತಾಯಿಯೇ. ಆದರೆ ಹೆಂಗಸಿಗೂ ಆಸೆ ಅನ್ನುವುದು ಇರುತ್ತದೆ, ಅದನ್ನು ದೇವರ ಹೆಸರಿನಲ್ಲೋ ಮಕ್ಕಳ ಹೆಸರಿನಲ್ಲೋ ಕದ್ದು ತಿನ್ನಬೇಕಾಗಿಲ್ಲ ಅಂತ ಕಲಿಸಿದವರು ಅತ್ತೆ. ಆ ಋಣ ನನ್ನ ಮೇಲಿದೆ. ತೀರಿಸುವ ಉಪಾಯ ಗೊತ್ತಿಲ್ಲ.

ಕರ್ಮಾಂತರವೆಲ್ಲ ಮುಗಿದ ಮೇಲೆ ನೋಡಿದರೆ ದೇವರಮನೆಯ ಗೂಟಕ್ಕೆ ಅರಿಶಿನದ ಗಂಟು ನೇತಾಡುತ್ತಿತ್ತು. ಭಾವ ತಾಯಿಯ ಹೆಸರಿನಲ್ಲಿ ತಾವೇ ಕಟ್ಟಿದ್ದರು. ನನಗೆ ಮೈಯೆಲ್ಲ ಉರಿಯಿತು. ಬಾಯಿ ತೆರೆಯುವಷ್ಟರಲ್ಲಿ ಅಕ್ಕ ನನ್ನನ್ನು ದಾಟಿಕೊಂಡು ಒಳಗೆ ಹೋದರು. ಮಣೆಯ ಮೇಲೆ ಹತ್ತಿ ಗಂಟನ್ನು ಇಳಿಸಿದರು. ಹಲ್ಲಿನಲ್ಲಿ ಕಚ್ಚಿ ಬಿಚ್ಚಿದರು. ಒಳಗಿನ ಕಾಸನ್ನು ತೆಗೆದುಕೊಂಡು ಹಜಾರಕ್ಕೆ ಬಂದು, ನಂಟರೆಲ್ಲ ಕೂತಿರುವಾಗಲೇ, ಗಂಡನ ಅಂಗೈಯಲ್ಲಿಟ್ಟರು. ಅವರ ದನಿಯನ್ನು ಹಜಾರದಲ್ಲಿ ಕೇಳಿದ್ದು ಅದೇ ಮೊದಲು.

“ಅತ್ತೆ ಒಬ್ರೇ ಹೋಗಿರ್ಲಿಲ್ಲ. ನಾನೂ ಹೋಗಿದ್ದೆ. ನನಗೂ ಆಸೆ ಇತ್ತು. ತಪ್ಪು ಅನ್ನೋದಾದ್ರೆ ನನ್ನ ಹೆಸರಲ್ಲಿ ಕಟ್ಟಿ, ಬದುಕಿದೀನಿ, ಉತ್ತರ ಕೊಡ್ತೀನಿ.”

ಭಾವ ಆ ಕಾಸನ್ನು ಮುಷ್ಟಿಯಲ್ಲಿ ಹಿಡಿದುಕೊಂಡರು. ಮತ್ತೆ ಕಟ್ಟಲಿಲ್ಲ.