ಅಪ್ಪನ ಫೋನಿನ ಕೂಸು

ನಮ್ಮ ಮನೆಯಲ್ಲಿ ಬಳೆ ಒಡೆಯುವುದಿಲ್ಲ, ಹೆಚ್ಚುತ್ತದೆ. ದೀಪ ಆರಿಸುವುದಿಲ್ಲ, ದೊಡ್ಡದು ಮಾಡುತ್ತೇವೆ. ಅಕ್ಕಿ ಖಾಲಿಯಾದರೆ ಅವ್ವ, ‘ಡಬ್ಬ ತುಂಬೈತೆ, ಅಂಗಡಿಗೆ ಹೋಗ್ ಬಾ’ ಅನ್ನುತ್ತಾಳೆ. ಕೆಟ್ಟ ಮಾತು ಆಡಿದರೆ ಮೇಲೆ ಹೋಗುತ್ತಿರುವ ಅಶ್ವಿನಿ ದೇವತೆಗಳು ಅಸ್ತು ಅಂದುಬಿಟ್ಟಾರು ಅನ್ನುವ ಭಯ. ಹಾಗಾಗಿ ಮನೆಗೆ ಫೋನು ಬಂದಾಗ ಅದರ ಚಾರ್ಜು ಮುಗಿದರೆ ಏನನ್ನಬೇಕೆಂದು ಅಪ್ಪನಿಗೆ ಯಾರೂ ಹೇಳಿಕೊಡಬೇಕಾಗಲಿಲ್ಲ. ಊರೆಲ್ಲ ‘ಫೋನ್ ಸತ್ತೋಯ್ತು’ ಅನ್ನುವಾಗ ಅಪ್ಪ ‘ಫೋನು ಹೆಚ್ಚೋಯ್ತು ಕಣವ್ವ’ ಅನ್ನುತ್ತಿದ್ದ.

ನನಗೆ ಈ ನಾಜೂಕೆಲ್ಲ ಬರುವುದಿಲ್ಲ. ನನ್ನದು ಮೊದಲಿಂದಲೂ ಬಾಯಿ ಜೋರು. ಮದುವೆಯಾಗಿ ಮಧುಗಿರಿಗೆ ಬಂದು, ಮನೆಯ ಮುಂದಿನ ಕೋಣೆಯಲ್ಲಿ ಮಿಷನ್ ಹಾಕಿಕೊಂಡು ಬ್ಲೌಸ್ ಹೊಲಿಯಲು ಕೂತ ಮೇಲೆ ಅದು ಇನ್ನೂ ಹರಿತವಾಯಿತು. ಅಳತೆ ಬ್ಲೌಸ್ ಕೊಡದೆ ‘ಹೋದ್ಸಲದಂಗೇ ಹೊಲೀರಿ’ ಅನ್ನುವವರನ್ನು ನಾನು ಸುಮ್ಮನೆ ಕಳಿಸಿದ್ದೇ ಇಲ್ಲ. ಆದರೂ ಬರುತ್ತಾರೆ ಪಾಪ, ತೋಳು ಚೆನ್ನಾಗಿ ಕೂರಿಸುತ್ತೇನಲ್ಲ.

ಅಪ್ಪ ಕುರಿ ಕಾಯುವವನು. ನಮ್ಮೂರು ಶಿರಾ ತಾಲ್ಲೂಕು, ಗೌಡಗೆರೆ ಕಡೆ. ಕಡಲೆಕಾಯಿ ಕಿತ್ತ ಹೊಲಗಳಲ್ಲಿ ಮೇವು ತೀರಿದ ಮೇಲೆ ಅಪ್ಪ ತನ್ನ ಜೊತೆಗಾರನೊಂದಿಗೆ ಮಂದೆ ಹೊಡೆದುಕೊಂಡು ಪಾವಗಡದ ಸೀಮೆಗೆ, ನಿಡುಗಲ್ ಬೆಟ್ಟದ ಸುತ್ತಮುತ್ತ ಹೋಗಿಬಿಡುತ್ತಾನೆ. ಅವ್ವ ಊರಿನಲ್ಲಿ, ನಾನು ಮಧುಗಿರಿಯಲ್ಲಿ, ಅಪ್ಪ ಬೆಟ್ಟದ ಬುಡದಲ್ಲಿ. ಮೂವರನ್ನೂ ಕಟ್ಟಿಹಾಕಿದ್ದು ಅಪ್ಪನ ಜೇಬಿನ ಒಂದು ಫೋನು. ಅದೂ ಹೊಸದಲ್ಲ, ನನ್ನ ಗಂಡ ಉಪಯೋಗಿಸಿ ಬಿಟ್ಟಿದ್ದು.

ನನ್ನ ಮೊದಲನೆಯ ಬಸಿರು ನಿಲ್ಲಲಿಲ್ಲ. ನಮ್ಮ ಕಡೆ ಅದಕ್ಕೆ ಇರುವುದು ಅದೊಂದೇ ಮಾತು. ‘ಪಾಪ, ನಿಲ್ಲಲಿಲ್ಲವಂತೆ’ ಅನ್ನುತ್ತಾರೆ, ಬಸ್ಸು ಸ್ಟಾಪಿನಲ್ಲಿ ನಿಲ್ಲಲಿಲ್ಲ ಅನ್ನುವ ಹಾಗೆ. ಎರಡನೆಯ ಸಲ ಬಸಿರಾದಾಗ ಅಪ್ಪ ದಿನಕ್ಕೆ ಎಷ್ಟು ಸಲ ಫೋನ್ ಮಾಡುತ್ತಿದ್ದನೋ ದೇವರಿಗೇ ಗೊತ್ತು. ಹೊಸ ವಿಷಯವೇನೂ ಇಲ್ಲ. ‘ಕೂಸು ಹೆಂಗೈತವ್ವ?’ ಅಷ್ಟೇ. ನಾನು ಏನು ಹೇಳಲಿ? ಒಳಗೆ ಹೇಗಿದೆಯೋ ಅನ್ನುವ ದಿಗಿಲಿನಲ್ಲೇ ನಾನೂ ಏಳುತ್ತಿದ್ದೆ, ದಿಗಿಲಿನಲ್ಲೇ ಮಲಗುತ್ತಿದ್ದೆ. ಅವನು ಕೇಳಿದಾಗಲೆಲ್ಲ ಗಾಯ ಕೆರೆದ ಹಾಗಾಗುತ್ತಿತ್ತು.

ಅಪ್ಪ ಒಮ್ಮೆ ಮಧುಗಿರಿಗೆ ಬಂದಾಗ ಅವನ ಫೋನ್ ಕಿತ್ತುಕೊಂಡು ಬಸಿರು ಹೆಂಗಸರ ಒಂದು ಆ್ಯಪ್ ಹಾಕಿದೆ. ತಾರೀಕು ಕೊಟ್ಟರೆ ಸಾಕು, ಫೋನ್ ತೆರೆದ ಕೂಡಲೇ ಮುಂದಿನ ಪರದೆಯ ಮೇಲೆ ದುಂಡನೆಯ ಒಂದು ಗೂಡು. ಒಳಗೆ ಮುದುರಿ ಮಲಗಿದ ಕೂಸು. ಎದೆಯ ಹತ್ತಿರ ಕೆಂಪು ಚುಕ್ಕಿ ಮಿಣಮಿಣ ಬಡಿಯುತ್ತಿರುತ್ತದೆ. ಆಗಾಗ ಕೂಸು ಕೈಕಾಲು ಆಡಿಸುತ್ತದೆ. ವಾರ ಕಳೆದ ಹಾಗೆ ದೊಡ್ಡದಾಗುತ್ತದೆ.

‘ಏನವ್ವ ಇದು?’ ಅಂದ ಅಪ್ಪ.

‘ಲೈವ್ ವಿಜೆಟ್ಟು’ ಅಂತ ಅಲ್ಲಿ ಬರೆದದ್ದನ್ನೇ ಓದಿ ಹೇಳಿದೆ. ‘ಇನ್ಮೇಲೆ ನನ್ನ ಕೇಳ್ಬ್ಯಾಡ. ಇದ್ನ ನೋಡ್ಕೊ.’

ಲೈವ್ ಅನ್ನುವ ಮಾತು ಅಪ್ಪನಿಗೆ ಗೊತ್ತಿತ್ತು. ಟೀವಿಯಲ್ಲಿ ಕ್ರಿಕೆಟ್ ಲೈವ್ ಬರುತ್ತದೆ, ಎಲೆಕ್ಷನ್ ಲೈವ್ ಬರುತ್ತದೆ. ಅಲ್ಲಿ ನಡೆಯುತ್ತಿರುವುದು ಇಲ್ಲಿ ಕಾಣುತ್ತದೆ. ಅಪ್ಪ ಫೋನನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ನನ್ನ ಹೊಟ್ಟೆಯನ್ನೂ ಪರದೆಯನ್ನೂ ಒಂದೊಂದು ಸಲ ನೋಡಿದ. ಅವನ ತಲೆಯೊಳಗೆ ಏನು ಕೂತಿತು ಅನ್ನುವುದು ಆಗ ನನಗೆ ತಿಳಿಯಲಿಲ್ಲ. ಸದ್ಯ, ಫೋನಿನ ಕಾಟ ತಪ್ಪಿತು ಅಂದುಕೊಂಡೆ.

ಕಾಟವೇನೋ ತಪ್ಪಿತು. ಅಪ್ಪನೇ ಸಿಗದ ಹಾಗಾದ. ಬೆಳಗ್ಗೆ ತುಂಬ ಚಾರ್ಜು ಮಾಡಿಕೊಂಡು ಹೋದವನ ಫೋನು ಬಿಸಿಲೇರುವ ಹೊತ್ತಿಗೆ ಹೆಚ್ಚಿಹೋಗಿರುತ್ತಿತ್ತು. ಮೊದಲೇ ಮುದಿ ಬ್ಯಾಟರಿ. ಜೊತೆಗೆ ಆ ಕೂಸು ಸುಮ್ಮನೆ ಮಲಗುವ ಜಾತಿಯದಲ್ಲ, ಒಳಗೊಳಗೇ ಚಾರ್ಜು ಕುಡಿಯುತ್ತಿತ್ತು. ಅದರ ಮೇಲೆ ಅಪ್ಪ ಕುರಿಗೊಂದು ಸಲ ಫೋನಿಗೊಂದು ಸಲ ಕಣ್ಣು ಹಾಯಿಸುವವನು. ಫೋನು ಆರಿದ್ದೇ ಎದ್ದು ಚಾರ್ಜು ಹುಡುಕಿಕೊಂಡು ಹೋಗುತ್ತಿದ್ದ. ಹಿಟ್ಟಿನ ಗಿರಣಿ, ಟೀ ಅಂಗಡಿ, ಯಾರದೋ ಪಂಪ್‌ಸೆಟ್ಟಿನ ಮನೆ. ಆ ಕಡೆ ಎಷ್ಟು ದೂರ ನೋಡಿದರೂ ಸೋಲಾರ್ ಹಲಗೆಗಳೇ, ರಾಗಿ ಹೊಲದ ಹಾಗೆ ಸಾಲುಸಾಲು. ಅಲ್ಲಿನ ವಾಚ್‌ಮನ್ ಒಬ್ಬನಿಗೆ ಅಪ್ಪ ಮುಖಪರಿಚಯ. ಅವನು ದೂರದಿಂದಲೇ ‘ಛಾರ್ಜಿ ಲೇದಾ ತಾತಾ?’ ಎಂದು ತೆಲುಗಿನಲ್ಲಿ, ಚಾರ್ಜಿಲ್ಲವೇ ಅಂತ ಕೂಗಿ ನಗುತ್ತಿದ್ದನಂತೆ. ಊರಿಗೆಲ್ಲ ಕರೆಂಟು ಕೊಡುವ ಹಲಗೆಗಳ ಮಗ್ಗುಲಲ್ಲೇ ನಮ್ಮಪ್ಪ ಒಂದು ಪ್ಲಗ್ಗಿಗೆ ಅಲೆಯುತ್ತಿದ್ದ.

ಅವ್ವ ಸಿಡಿಮಿಡಿ. ‘ನಿಮ್ಮಪ್ಪುಂಗೆ ಫೋನ್ ಮಾಡಿದ್ರೆ ಒಬ್ಬಳು ಇಂಗ್ಲಿಷ್ನಾಗೆ ಮಾತಾಡ್ತಾಳೆ. ಯಾರವ್ವ ಅವ್ಳು?’ ಎಂದು ನನ್ನ ಮೇಲೆ ಹಾರಾಡಿದಳು. ಅಪ್ಪ ಹೊಸ ಬ್ಯಾಟರಿ ಹಾಕಿಸೋಣವೆಂದು ಶಿರಾದ ಒಂದು ಮೊಬೈಲ್ ಅಂಗಡಿಗೂ ಹೋಗಿಬಂದ. ಅಂಗಡಿಯ ಸಾಬರು ಫೋನ್ ತಿರುಗಿಸಿ ನೋಡಿ, ‘ಯಜಮಾನ್ರೇ, ಬ್ಯಾಟ್ರಿ ಯಾಕೆ? ಈ ಮಗೂನ ತೆಗ್ದುಬುಡ್ತೀನಿ, ದಿನಾಪೂರ್ತಿ ಬರ್ತದೆ’ ಅಂದರಂತೆ. ಅಪ್ಪ ಫೋನ್ ಕಸಿದುಕೊಂಡು, ‘ಬುಡ್ತು ಅನ್ನಿ ಸಾಬ್ರೇ! ಎಂಥಾ ಮಾತಾಡಿದ್ರಿ!’ ಎಂದು ಮೆಟ್ಟಿಲಿಳಿದುಬಿಟ್ಟನಂತೆ. ಪಾಪ ಅವರು ‘ಅರೆ, ಏನಾಯ್ತು?’ ಅನ್ನುತ್ತಾ ಬಾಗಿಲವರೆಗೂ ಬಂದರಂತೆ. ಅವ್ವ ಇದನ್ನು ಹೇಳಿ ಹೇಳಿ ನಕ್ಕಳು. ನಾನೂ ನಕ್ಕೆ.

ಕೊನೆಗೆ ಅವ್ವನೇ, ‘ನೀನೇ ಹಾಕಿದ್ದು, ನೀನೇ ಹೇಳಿ ತೆಗೆಸು. ಕಾಡಿನಾಗೆ ಹಾವೋ ಹುಳವೋ ಮುಟ್ಟಿದ್ರೆ ಯಾರ್ನ ಕೂಗ್ತಾನೆ?’ ಅಂದಳು. ಆ ಮಾತು ನನಗೆ ನಾಟಿತು. ಮಾರನೆಯ ದಿನ ಬೆಳಗ್ಗೆ ಅಪ್ಪನೇ ಫೋನ್ ಮಾಡಿದ. ನಾನು ಮದುವೆ ಮನೆಯವರ ಅರ್ಜೆಂಟ್ ಬ್ಲೌಸಿಗೆ ಹುಕ್ಕು ಹಾಕುತ್ತಿದ್ದೆ, ಹಲ್ಲಿನ ನಡುವೆ ಗುಂಡುಸೂಜಿ.

‘ಕೂಸು ಹೆಂಗೈತವ್ವ?’ ಅಂದ, ಹಳೆಯ ಅಭ್ಯಾಸಕ್ಕೆ.

ಅವನು ಕೇಳಿದ್ದು ಹೊಟ್ಟೆಯ ಕೂಸು. ನನ್ನ ತಲೆಯಲ್ಲಿದ್ದದ್ದು ಫೋನಿನ ಕೂಸು, ಅದು ಕುಡಿಯುವ ಚಾರ್ಜು. ‘ನಿಲ್ಲಲ್ಲ ಕಣಪ್ಪ’ ಅಂದೆ. ‘ಇಂಗೇ ಇಟ್ಕೊಂಡ್ರೆ ನಿಲ್ಲೋದೇ ಇಲ್ಲ. ತೆಗೆದುಬುಡೋದೇ ವಾಸಿ.’

ಆ ಕಡೆ ಗಾಳಿಯ ಸದ್ದು. ‘ಏನಂದೆ?’

‘ತೆಗೆದುಬುಡಾನ ಅಂದೆ!’

ಲೈನು ಕಟ್ಟಾಯಿತು. ಫೋನ್ ಸತ್ತೋಯ್ತೇನೋ ಅಂದುಕೊಂಡು, ನಡುನಡುವೆ ತಿರುಗಿ ಫೋನ್ ಮಾಡುತ್ತಾ ಮತ್ತೆ ಹುಕ್ಕಿಗೆ ಕೈ ಹಾಕಿದೆ.

ಮಧ್ಯಾಹ್ನ ಊಟಕ್ಕೆ ಏಳಬೇಕು, ಬಾಗಿಲಲ್ಲಿ ಅಪ್ಪ. ಹೆಗಲ ಮೇಲೆ ಕಂಬಳಿ, ಮುಖದ ತುಂಬ ಬಸ್ಸಿನ ಧೂಳು. ಮಂದೆಯನ್ನು ಜೊತೆಗಾರನಿಗೆ ಒಪ್ಪಿಸಿ ಬಂದಿದ್ದ. ನನಗೆ ಮೊದಲು ಬಂದದ್ದು ಸಿಟ್ಟೇ. ‘ಇದೇನಪ್ಪ, ಹೇಳದೆ ಕೇಳದೆ? ಎಷ್ಟು ಫೋನ್ ಮಾಡ್ದೆ ಗೊತ್ತಾ, ಸ್ವಿಚ್ ಆಫು! ನೀನೇನು ಫೋನ್ ಇಟ್ಕೊಂಡಿರೋದು ಪೂಜೆ ಮಾಡಾಕಾ?’ ಅಂದೆ. ಅವನು ನನ್ನ ಹೊಟ್ಟೆಯನ್ನೇ ನೋಡುತ್ತಿದ್ದ.

‘ತೆಗೆಸ್ಬ್ಯಾಡ ಕಣವ್ವ’ ಅಂದ. ‘ಯಾವ್ ಡಾಕ್ಟ್ರು ಹೇಳಿದ್ದು ನಿಲ್ಲಲ್ಲ ಅಂತ? ಬೆಳಗ್ಗೆ ನನ್ ಕಣ್ಣಾರೆ ನೋಡಿವ್ನಿ, ಗುಂಡಿಗೆ ಹೊಡ್ಕಂತೈತೆ. ಕಾಲು ಆಡಿಸ್ತೈತೆ. ನಡಿ, ತುಮಕೂರಿಗೆ ಹೋಗಾನ. ದೊಡ್ಡ ಡಾಕ್ಟ್ರಿಗೆ ತೋರ್ಸಾನ.’

ಅಂಗಿಯ ಜೇಬಿನಿಂದ ಫೋನ್ ತೆಗೆದ. ಡಾಕ್ಟರಿಗೆ ತೋರಿಸಲು ಬೇಕೆಂದು ಬಸ್ಸು ಹತ್ತುವ ಮೊದಲು ಪಾವಗಡದ ಹೋಟೆಲಿನಲ್ಲಿ ಚಾರ್ಜು ಹಾಕಿಸಿ, ದಾರಿಯಲ್ಲಿ ಮುಗಿಯದಿರಲಿ ಎಂದು ಆಫ್ ಮಾಡಿಕೊಂಡು ಬಂದಿದ್ದ. ಈಗ ಆನ್ ಮಾಡಿ, ಪರದೆ ಬೆಳಗುವ ತನಕ ಉಸಿರು ಹಿಡಿದು ನಿಂತ. ಕೆಂಪು ಚುಕ್ಕಿ ಬಡಿಯಲು ಶುರುವಾದಾಗ, ‘ನೋಡು, ನೋಡು ಮತ್ತೆ!’ ಎಂದು ನನ್ನ ಮುಖದ ಮುಂದೆ ಹಿಡಿದ.

ನನಗೆ ಆಗ ಹೊಳೆಯಿತು. ನಿಲ್ಲಲ್ಲ, ತೆಗೆದುಬುಡಾನ. ಅಯ್ಯೋ ನನ್ನ ನಾಲಿಗೆಗಿಷ್ಟು! ‘ಅದು ಬ್ಯಾಟ್ರಿ ಕಣಪ್ಪ! ನಿನ್ ಫೋನಿನ ಬ್ಯಾಟ್ರಿ ನಿಲ್ಲಲ್ಲ ಅಂದಿದ್ದು!’ ಅಂದೆ. ನಗು ಬಂತು, ನಗುತ್ತಲೇ ಅಳು ಬಂತು. ಅಪ್ಪ ಅಲ್ಲೇ ಬಟ್ಟೆ ಗಂಟಿನ ಮೇಲೆ ಕುಸಿದು ಕೂತ. ನೀರು ಕೊಟ್ಟೆ. ಗಟಗಟ ಕುಡಿದು, ಚೊಂಬು ಕೆಳಗಿಟ್ಟು, ‘ಅಂಗಾರೆ ಚೆನ್ನಾಗೈತಾ?’ ಅಂದ.

‘ಚೆನ್ನಾಗೈತೆ.’

‘ನಂಗೊತ್ತಿತ್ತು. ನೋಡ್ತಾನೇ ಇದ್ನಲ್ಲ.’

ಸುಮ್ಮನಿರಬಹುದಿತ್ತು. ಆದರೆ ಆ ಫೋನು ಆರಿದಾಗಲೆಲ್ಲ ಅವನ ಜೀವ ಹಾರುತ್ತಿತ್ತು ಅನ್ನುವುದು ಈಗ ಗೊತ್ತಾಗಿತ್ತಲ್ಲ, ಹೇಳದಿದ್ದರೆ ಹೇಗೆ? ಪಕ್ಕದಲ್ಲಿ ಕೂತೆ. ‘ಅಪ್ಪ, ಇದು ನನ್ನ ಹೊಟ್ಟೇಲಿರೋದಲ್ಲ. ಯಾರೋ ಬರೆದಿರೋ ಬೊಂಬೆ. ತಾರೀಕು ಕೊಟ್ರೆ ಬೆಳೀತದೆ. ಎಲ್ಲರ ಫೋನ್ನಾಗೂ ಇದೇ ಬೊಂಬೆ. ಒಳಗೆ ಕೂಸು ಇದ್ರೂ ಬೆಳೀತದೆ, ಇಲ್ದಿದ್ರೂ ಬೆಳೀತದೆ.’

ಕೊನೆಯ ಮಾತು ನನಗೇ ಗೊತ್ತಿಲ್ಲದೆ ಬಂದುಬಿಟ್ಟಿತು. ಗಂಡನಿಗೂ ಹೇಳಿರಲಿಲ್ಲ ಅದನ್ನು. ಮೊದಲನೆಯ ಸಲ ನನ್ನ ಫೋನಿನಲ್ಲೂ ಈ ಬೊಂಬೆ ಇತ್ತು. ಆಸ್ಪತ್ರೆಯಿಂದ ಬರಿಹೊಟ್ಟೆಯಲ್ಲಿ ಮನೆಗೆ ಬಂದು ಫೋನ್ ತೆರೆದರೆ ಅದು ಕೈಕಾಲು ಆಡಿಸುತ್ತಾ ಇತ್ತು. ಮುಂದಿನ ವಾರ ಇನ್ನಷ್ಟು ದೊಡ್ಡದಾಯಿತು. ತೆಗೆಯಲು ಬೆರಳು ಹೋಗಿ ಹೋಗಿ ಹಿಂದಕ್ಕೆ ಬರುತ್ತಿತ್ತು. ಎಷ್ಟೋ ದಿನ ಹಾಗೇ ಬೆಳೆಯಲು ಬಿಟ್ಟಿದ್ದೆ. ಅದಕ್ಕೇ ಈ ಸಲ ನನ್ನ ಫೋನಿಗೆ ಹಾಕಿಕೊಳ್ಳುವ ಧೈರ್ಯ ಬರಲಿಲ್ಲ. ಅದನ್ನೆಲ್ಲ ಅವತ್ತು ಅಪ್ಪನಿಗೆ ಹೇಳಿದೆ.

ಅಪ್ಪ ಬಹಳ ಹೊತ್ತು ಪರದೆಯನ್ನೇ ನೋಡಿದ. ಬೆಳಕು ಮಂಕಾದಾಗ ಹೆಬ್ಬೆರಳಿನಿಂದ ಮುಟ್ಟಿ ಮತ್ತೆ ಹೊತ್ತಿಸಿದ.

‘ಅಂಗಾರೆ ನಾನು ಇಷ್ಟ್ ದಿನ ಕಾದಿದ್ದು ಯಾರ ಕೂಸ್ನವ್ವ?’ ಅಂದ.

ಮಂದೆಯಿಂದ ತಪ್ಪಿಸಿಕೊಂಡ ಯಾರದೋ ಮರಿಯನ್ನು ತನ್ನದೇ ಎಂದು ಕಾದವನ ಹಾಗೆ ಕೂತಿದ್ದ. ಅಷ್ಟರಲ್ಲಿ ಪಕ್ಕೆಯ ಕೆಳಗೆ ಗುದ್ದು ಬಿತ್ತು. ‘ಅಮ್ಮಾ’ ಎಂದು ಹೊಟ್ಟೆ ಹಿಡಿದುಕೊಂಡೆ. ಅಪ್ಪ ಬೆಚ್ಚಿ ಎದ್ದ. ‘ಏನಿಲ್ಲ, ಒದೀತು’ ಅಂದೆ.

‘ಯಾವ್ದು?’

‘ನಮ್ದು ಕಣಪ್ಪ. ನಿಜವಾದ್ದು.’

ಅಪ್ಪನ ಮುಖ ಅರಳಿತು. ‘ಚಾರ್ಜೈತೆ ಬುಡು!’ ಅಂದ. ನಾವಿಬ್ಬರೂ ನಕ್ಕ ನಗೆಗೆ ಎದುರು ಮನೆಯಾಕೆ ಕಿಟಕಿಯಿಂದ ಇಣುಕಿ ನೋಡಿದಳು.

ಮುದ್ದೆ ತಿಂದು ಹೊರಟಾಗ ಫೋನನ್ನು ನನ್ನ ಕೈಗೆ ಕೊಟ್ಟ. ತೆಗಿ ಅನ್ನಲಿಲ್ಲ. ಆ ಮಾತು ಅವನ ಬಾಯಲ್ಲಿ ಬರುವುದುಂಟೆ? ‘ಇದನ್ನ ನಿನ್ ಫೋನಿಗೆ ಕಳಿಸ್ಕೊ’ ಅಂದ. ‘ಬೊಂಬೆ ಆದ್ರೇನು, ತಾಯಿ ತಾವ ಇರ್ಲಿ. ನನ್ ತಾವ ಚಾರ್ಜಿರ್ಲಿ, ನೀನು ಕೂಗ್ದಾಗ ಓಗೊಡಾಕೆ.’

ಮೊದಲು ನನ್ನ ಫೋನಿನಲ್ಲಿ ಹಾಕಿಕೊಂಡೆ. ಅಲ್ಲಿ ಕೆಂಪು ಚುಕ್ಕಿ ಬಡಿಯುವುದನ್ನು ಅಪ್ಪ ಬಗ್ಗಿ ನೋಡಿ ತಲೆಯಾಡಿಸಿದ ಮೇಲೆಯೇ ಅವನ ಫೋನಿನಿಂದ ತೆಗೆದೆ. ಅವನು ಆಗ ಮುಖ ಆಚೆ ತಿರುಗಿಸಿಕೊಂಡಿದ್ದ. ಅವತ್ತಿನಿಂದ ಬಿಸಿಲೇರುವ ಹೊತ್ತಿಗೆ ಹೆಚ್ಚುವುದು ನನ್ನ ಫೋನಾಯಿತು. ಗಿರಾಕಿಗಳು ಬೈದುಕೊಂಡರು. ಬೈದುಕೊಳ್ಳಲಿ. ಮಿಷನ್ ತುಳಿಯುತ್ತಾ ನಾನೂ ಕ್ಷಣಕ್ಕೊಮ್ಮೆ ನೋಡಿಕೊಳ್ಳುತ್ತಿದ್ದೆ. ಬೊಂಬೆ ಅಂತ ಗೊತ್ತಿದ್ದೂ ನೋಡುತ್ತಿದ್ದೆ.

ನೋವು ಬಂದ ದಿನ ನನ್ನ ಗಂಡ ಅಪ್ಪನಿಗೆ ಫೋನ್ ಮಾಡಿದರು. ಅಪ್ಪ ತಕ್ಷಣ ಎತ್ತಿದ. ಸಂಜೆಗೆಲ್ಲ ಆಸ್ಪತ್ರೆಯ ಬಾಗಿಲಲ್ಲಿದ್ದ. ಅವ್ವ ಅದಕ್ಕೂ ಮೊದಲೇ ಬಂದು, ಬೆಚ್ಚಗೆ ಸುತ್ತಿದ ಹೆಣ್ಣು ಕೂಸನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದಳು. ಅಪ್ಪ ಕೈಕಾಲು ತೊಳೆದು ಬಂದು ತೋಳು ಚಾಚಿದ. ಕೂಸನ್ನು ಎತ್ತಿಕೊಂಡವನಿಗೆ ಅದರ ಮುಖಕ್ಕಿಂತ ಮೊದಲು ಎದೆ ನೋಡಬೇಕಿತ್ತು. ಬಟ್ಟೆ ಸ್ವಲ್ಪ ಸರಿಸಿ, ಪುಟ್ಟ ಎದೆ ಏರಿ ಇಳಿಯುವುದನ್ನು ನೋಡುತ್ತಾ ನಿಂತ. ಕಣ್ಣಿನ ನೀರು ಅದರ ಮೇಲೆ ಬೀಳದ ಹಾಗೆ ಮುಖ ಹಿಂದಕ್ಕೆ ಎತ್ತಿಕೊಂಡ.

ಆಮೇಲೆ ನೆನಪಾಗಿ, ‘ನಿನ್ ಫೋನ್ನಾಗಿನ ಕೂಸು ಎಲ್ಲವ್ವ?’ ಅಂದ.

ದಿಂಬಿನ ಕೆಳಗಿಂದ ಫೋನ್ ತೆಗೆದು ಒತ್ತಿದೆ. ಪರದೆ ಕಪ್ಪಗಿತ್ತು. ಯಾವಾಗ ಹಾಗಾಯಿತೋ, ನಾನು ನೋಡಿಕೊಂಡಿರಲೇ ಇಲ್ಲ. ನನ್ನ ಬಾಯಿಗೆ ಎಂದೂ ಬರದ ಮಾತು ಅವತ್ತು ತಾನಾಗಿ ಬಂತು.

‘ಹೆಚ್ಚೋಯ್ತು ಕಣಪ್ಪ’ ಅಂದೆ.

ಅಪ್ಪ ತೋಳಿನಲ್ಲಿದ್ದ ಕೂಸನ್ನು ಇನ್ನಷ್ಟು ಎದೆಗೆ ಎಳೆದುಕೊಂಡ. ‘ಹೂಂ ಕಣವ್ವ, ಮನೆಗೊಂದು ಜೀವ ಹೆಚ್ಚೇ ಆಯ್ತು’ ಅಂದ.